ಕೈಯಲ್ಲೇ ಹರಟೆ ಹೊಡೆಯುವ ಊರು

14 ಆಗಸ್ಟ್ 2024, ಬುಧವಾರ
ಸಿಂಗರಾಜ, ಉತ್ತರ ಬಾಲಿ. ರಾತ್ರಿ ಹತ್ತು ಗಂಟೆ.

ಕೈ ನೋಯುತ್ತಿದೆ. ಬರೆದು ಬರೆದು ಅಲ್ಲ, ಮಾತಾಡಿ.

ಬಾಲಿಗೆ ಬಂದು ಐದು ದಿನ ಆಯ್ತು. ಜೊತೆಗೆ ಬಂದವರೆಲ್ಲ ಸಮುದ್ರ, ಶಾಪಿಂಗ್ ಅಂತ ದಕ್ಷಿಣದಲ್ಲೇ ಉಳಿದರು. ನಾನೊಬ್ಬಳೇ ನಿನ್ನೆ ಬೆಡುಗುಲ್ ಘಟ್ಟ ಹತ್ತಿ ಇಳಿದು ಇಲ್ಲಿಗೆ ಬಂದೆ. "ಅಲ್ಲೇನಿದೆ?" ಅಂತ ಕೇಳಿದರು. ಒಂದು ಹಳ್ಳಿ ಇದೆ ಅಂದೆ. "ಹಳ್ಳಿ ನೋಡೋಕೆ ಇಂಡೋನೇಷ್ಯಾ ತನಕ ಬರಬೇಕಿತ್ತಾ, ನಿಮ್ಮೂರು ಇರ್ಲಿಲ್ವಾ?" ಅಂತ ನಕ್ಕರು. ನಮ್ಮೂರು ಇದ್ದದ್ದಕ್ಕೇ ಈ ಊರು ನೋಡಬೇಕಿತ್ತು ಅಂತ ಅವರಿಗೆ ಹೇಗೆ ಹೇಳೋದು?

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಹುಟ್ಟಿದಾಗಿನಿಂದ ಕಿವಿ ಕೇಳದವಳು. ಹಾಗಾಗಿ ಮಾತೂ ಬರಲಿಲ್ಲ. ಈಗ ಅರವತ್ತು ದಾಟಿದೆ. ಅವಳಿಗೊಂದು ಚಂದದ ಹೆಸರಿದೆ, ಆದರೆ ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಾಗಿದ್ದು ನಾನು ಕಾಣೆ. ತಿಪಟೂರು ಕಡೆಯ ನಮ್ಮೂರಲ್ಲಿ ಅವಳು ಎಲ್ಲರಿಗೂ "ಮೂಗಿ". ಬೈಗುಳ ಅಂತ ಅಲ್ಲ, ಸುಮ್ನೆ ಹಾಗೇ ಕರೆಯುತ್ತಾರೆ. ಮನೆಯೊಳಗೆ ಅವಳದ್ದೇ ಸನ್ನೆಗಳಿವೆ. ಮೀಸೆ ತಿರುವಿದರೆ ಅಪ್ಪ. ಮೂಗುತಿ ಮುಟ್ಟಿದರೆ ಅಜ್ಜಿ. ಕೆನ್ನೆಗೆ ಬೆರಳು ಒತ್ತಿದರೆ ನಾನು, ಗುಳಿ ಬೀಳುತ್ತದಲ್ಲ, ಅದಕ್ಕೆ. ಈ ಭಾಷೆ ಗೊತ್ತಿದ್ದವರು ಜಗತ್ತಿನಲ್ಲಿ ಐದು ಜನ. ಅಜ್ಜಿ ಹೋದ ಮೇಲೆ ನಾಲ್ಕು.

ಈ ಹಳ್ಳಿಯ ಹೆಸರು ಬೆಂಗ್ಕಾಲಾ. ಸಿಂಗರಾಜದಿಂದ ಪೂರ್ವಕ್ಕೆ ಕುಬುತಂಬಾಹನ್ ತನಕ ಹೋಗಿ, ಅಲ್ಲಿಂದ ಸಮುದ್ರಕ್ಕೆ ಬೆನ್ನು ಹಾಕಿ ಗುಡ್ಡದ ಕಡೆ ಹತ್ತಬೇಕು. ಊರಲ್ಲಿ ಸುಮಾರು ಮೂರು ಸಾವಿರ ಜನ. ಅವರಲ್ಲಿ ಹುಟ್ಟಿನಿಂದ ಕಿವಿ ಕೇಳದವರು ನಲವತ್ತು ಚಿಲ್ಲರೆ. ಇಲ್ಲಿನ ಮಾತಿನಲ್ಲಿ ಕಿವಿ ಕೇಳದವರಿಗೆ "ಕೊಲೊಕ್" ಅಂತಾರೆ. ಅವರ ಕೈಮಾತು "ಕಾಟಾ ಕೊಲೊಕ್". ವಿಶೇಷ ಅಂದರೆ ಅದನ್ನು ಆಡುವವರು ಆ ನಲವತ್ತು ಜನ ಮಾತ್ರ ಅಲ್ಲ. ಕಿವಿ ಕೇಳುವವರಲ್ಲೂ ಸಾವಿರಕ್ಕೂ ಹೆಚ್ಚು ಜನಕ್ಕೆ ಅದು ಬರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಮಟ್ಟಕ್ಕೆ, ಅದು ಬೇರೆ ಮಾತು.

ದಾರಿಯಲ್ಲಿ ಡ್ರೈವರ್ ಕುಬುತಂಬಾಹನ್‌ನ ಮೆದುವೆ ಕರಂಗ್ ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸಿದ. ಇದು ನೋಡಲೇಬೇಕು ಅಂದ. ಒಳಗೋಡೆಯ ಕಲ್ಲಿನಲ್ಲಿ ಒಬ್ಬ ಸೈಕಲ್ ಹೊಡೆಯುತ್ತಿದ್ದಾನೆ! 1904ರ ಹೊತ್ತಿಗೆ ಇಲ್ಲಿ ಸೈಕಲ್ ಮೇಲೆ ಓಡಾಡಿದ ನ್ಯೂವೆನ್‌ಕಾಂಪ್ ಎಂಬ ಡಚ್ ಕಲಾವಿದನಂತೆ. ಹಿಂದಿನ ಚಕ್ರ ಹೂವಾಗಿಬಿಟ್ಟಿದೆ. ಬೇಲೂರಿನ ಶಿಲ್ಪಿ ಎನ್‌ಫೀಲ್ಡ್ ಕೆತ್ತಿದ್ದರೆ ಹೀಗೇ ಇರುತ್ತಿತ್ತೇನೋ. ಹತ್ತು ನಿಮಿಷ ನೋಡಿ ಹೊರಟೆವು.

ಬೆಂಗ್ಕಾಲಾ ನೋಡಲು ಏನೂ ವಿಶೇಷ ಇಲ್ಲದ ಊರು. ಬಾಳೆ, ತೆಂಗು, ಮರಗೆಣಸು. ಮನೆ ಮುಂದೆ ದನ, ಬಿದಿರು ಕುಕ್ಕೆಯೊಳಗೆ ಹುಂಜ. ಆಗಸ್ಟ್ 17 ಇಂಡೋನೇಷ್ಯಾಕ್ಕೆ ಸ್ವಾತಂತ್ರ್ಯ ದಿನ, ಅದಕ್ಕೆ ದಾರಿಯುದ್ದಕ್ಕೂ ಕೆಂಪು ಬಿಳಿ ಬಾವುಟ. ಹಳೇ ಊರೂ ಹೌದು. 1181ರ, ಜಯಪಂಗುಸ್ ರಾಜನ ಕಾಲದ ಶಾಸನ ಸಿಕ್ಕಿದೆ. ನಮ್ಮಲ್ಲಿ ಹೊಯ್ಸಳ ವೀರಬಲ್ಲಾಳ ಆಳುತ್ತಿದ್ದ ಕಾಲ ಅದು.

ನಾನು ಮೊದಲು ಕೂತಿದ್ದು ಒಂದು ಗೂಡಂಗಡಿಯಲ್ಲಿ. ಇಲ್ಲಿ ವಾರುಂಗ್ ಅಂತಾರೆ. ಕಾಫಿ ಕೇಳಿದೆ. ಲೋಟಕ್ಕೆ ಪುಡಿ ಹಾಕಿ, ಸಕ್ಕರೆ ಹಾಕಿ, ಕುದಿಯುವ ನೀರು ಸುರಿದು ಕೊಟ್ಟರು. ಸೋಸುವ ಮಾತೇ ಇಲ್ಲ. ಗಸಿ ಕೆಳಗೆ ಕೂರುವ ತನಕ ಕಾಯಬೇಕು. ಫಿಲ್ಟರ್ ಕಾಫಿಯವಳಿಗೆ ಇದು ಶಿಕ್ಷೆ. ಆದರೆ ಕಾಯುತ್ತಾ ಕೂತದ್ದರಿಂದಲೇ ನೋಡಬೇಕಾದದ್ದು ಕಂಡಿತು.

ಒಬ್ಬ ತಾತ ಕುಡುಗೋಲು ಹಿಡಿದು ಬಂದ. ಹೆಗಲ ಮೇಲೆ ಹುಲ್ಲಿನ ಹೊರೆ. ಹೊರೆ ಇಳಿಸಿ ಅಂಗಡಿಯಾಕೆಗೆ ಏನೋ ಸನ್ನೆ ಮಾಡಿದ. ಆಕೆ ಎಣ್ಣೆಯಲ್ಲಿ ಬಾಳೆಹಣ್ಣು ಕರಿಯುತ್ತಿದ್ದಳು. ಒಂದು ಕೈಯಲ್ಲಿ ಜಾಲರಿ ಸೌಟು, ಇನ್ನೊಂದು ಕೈಯಲ್ಲೇ ಉತ್ತರ. ತಾತ ಮತ್ತೆ ಏನೋ ಅಂದ. ಆಕೆ ಹುಬ್ಬು ಹಾರಿಸಿದಳು. ಶಾಲೆ ಬಟ್ಟೆಯ ಹುಡುಗನೊಬ್ಬ ಚಿಪ್ಸ್ ಪ್ಯಾಕೆಟ್ ಕೊಳ್ಳಲು ಬಂದವನು ನಡುವೆ ಬಾಯಿ, ಅಲ್ಲಲ್ಲ, ಕೈ ಹಾಕಿದ. ಮೂವರೂ ನಕ್ಕರು. ಆ ಹುಡುಗನಿಗೂ ಕೇಳುತ್ತದೆ, ಅಂಗಡಿಯಾಕೆಗೂ ಕೇಳುತ್ತದೆ. ತಾತನಿಗೆ ಮಾತ್ರ ಕೇಳುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಅಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿಲ್ಲದೆ ಕೂತಿದ್ದವಳು ನಾನೊಬ್ಬಳೇ.

ನಮ್ಮನೆ ಹಬ್ಬದ ಊಟದಲ್ಲಿ ಅತ್ತೆ ಹೀಗೇ ಕೂತಿರುತ್ತಾಳೆ. ಎಲ್ಲರೂ ನಕ್ಕಾಗ ಒಂದು ಕ್ಷಣ ತಡವಾಗಿ ತಾನೂ ನಗುತ್ತಾಳೆ. ಇವತ್ತು ನಾನೂ ಹಾಗೇ ತಡವಾಗಿ ನಕ್ಕೆ.

ತಾತನ ಪಕ್ಕದ ಮನೆ ಹುಡುಗ ದಕ್ಷಿಣ ಬಾಲಿಯ ಹೋಟೆಲುಗಳಲ್ಲಿ ಕೆಲಸ ಮಾಡಿ ಬಂದವನು, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅವನೇ ದುಭಾಷಿ ಆದ. ಸಕ್ಕರೆ, ಕಾಫಿಪುಡಿ ತಗೊಂಡು ಹೋಗಿ ಅಂತ ಡ್ರೈವರ್ ಮೊದಲೇ ಹೇಳಿದ್ದ. ಕೊಟ್ಟೆ. ತಾತನ ಮನೆ ಜಗಲಿಯಲ್ಲಿ ಕೂತೆವು.

ನನ್ನ ಮೊದಲ ಎಡವಟ್ಟು ಗಡಿಯಾರದ್ದು. ಬೆಳಗ್ಗೆ ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗುತ್ತೀರಿ ಅಂತ ಕೇಳಲು ಮಣಿಕಟ್ಟು ತಟ್ಟಿ ತೋರಿಸಿದೆ. ತಾತ ನನ್ನ ವಾಚನ್ನು ತಿರುಗಿಸಿ ಮುರುಗಿಸಿ ನೋಡಿ, ಚೆನ್ನಾಗಿದೆ ಅಂತ ತಲೆಯಾಡಿಸಿದ. ಹುಡುಗ ನಗುತ್ತಾ ಸರಿಯಾಗಿ ಕೇಳಿದ. ಆಗ ತಾತ ಕೈ ಚಾಚಿ ಪೂರ್ವದ ಆಕಾಶದಲ್ಲಿ ಒಂದು ಜಾಗ ತೋರಿಸಿದ. ತೆಂಗಿನ ಗರಿಗಿಂತ ಒಂದು ಗೇಣು ಕೆಳಗೆ. ಸೂರ್ಯ ಅಲ್ಲಿಗೆ ಬಂದಾಗ, ಅಂತ. ವಾಪಸ್ ಬರೋದು? ಕೈ ನೆತ್ತಿ ದಾಟಿ ಪಶ್ಚಿಮಕ್ಕೆ ಸ್ವಲ್ಪ ಜಾರಿ ನಿಂತಿತು. ಕಾಟಾ ಕೊಲೊಕ್‌ನಲ್ಲಿ ಹೊತ್ತು ಹೇಳುವುದೇ ಹೀಗೆ. ಇಡೀ ಆಕಾಶವೇ ಗಡಿಯಾರದ ಮುಖ.

ಎರಡನೇ ಎಡವಟ್ಟು ಇನ್ನೂ ದೊಡ್ಡದು. ಯಾವ ಊರು ಅಂತ ಕೇಳಿದ. ನಾನು "ತುಂಬಾ ದೂರ" ಅನ್ನುವ ಹಾಗೆ ಸುಮ್ನೆ ಗುಡ್ಡದ ಕಡೆ ಕೈ ಬೀಸಿದೆ. ತಾತ ಹುಬ್ಬು ಗಂಟಿಕ್ಕಿದ. ಹುಡುಗ, "ನೀವು ಇಂಡಿಯಾದವರು ಅಂದ್ರಲ್ಲ? ಆ ಕಡೆ ಆಸ್ಟ್ರೇಲಿಯಾ ಬರುತ್ತೆ" ಅಂದ.

ಇಲ್ಲಿ ಕೈ ಸುಮ್ಮನೆ ಬೀಸುವ ಹಾಗಿಲ್ಲ. ಒಂದು ಊರಿನ ಹೆಸರು ಹೇಳುವುದು ಅಂದರೆ ಅದು ನಿಜವಾಗಿ ಇರುವ ದಿಕ್ಕಿಗೆ ಬೆರಳು ಮಾಡುವುದು. ನೀವು ಮನೆಯೊಳಗೆ ಕೂತಿರಲಿ, ಬೆನ್ನು ತಿರುಗಿಸಿರಲಿ, ಸಿಂಗರಾಜ ಇರುವ ಕಡೆಯೇ ಸಿಂಗರಾಜ. ಬಾಲಿಯ ಬಾಯಿಮಾತಿನಲ್ಲೂ ಎಡ ಬಲಕ್ಕಿಂತ ಕಜಾ, ಕೆಲೋಡ್ ಜಾಸ್ತಿ. ಕಜಾ ಅಂದರೆ ಬೆಟ್ಟದ ಕಡೆ, ಕೆಲೋಡ್ ಅಂದರೆ ಸಮುದ್ರದ ಕಡೆ. ನಮ್ಮಲ್ಲಿ ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತಾರಲ್ಲ, ಹಾಗೆ. ಬೆಟ್ಟ ದ್ವೀಪದ ನಡುವೆ ಇರುವುದರಿಂದ ದಕ್ಷಿಣ ಬಾಲಿಯವರಿಗೆ ಕಜಾ ಉತ್ತರ, ಇಲ್ಲಿಯವರಿಗೆ ಕಜಾ ದಕ್ಷಿಣ! ನಾನು ಫೋನಿನಲ್ಲಿ ಮ್ಯಾಪ್ ತೆಗೆದು, ಎರಡು ಸಲ ತಿರುಗಿ, ವಾಯುವ್ಯಕ್ಕೆ, ಅಂದರೆ ತಾತನ ಬಾಳೆಗಿಡಗಳ ಮೇಲಿಂದ ಕೈ ಚಾಚಿದೆ. ಹಾಂ, ಈಗ ಸರಿ ಅಂತ ತಲೆಯಾಡಿಸಿದ. ತಿಪಟೂರು ಯಾವ ದಿಕ್ಕಿಗಿದೆ ಅಂತ ಜೀವಮಾನದಲ್ಲಿ ಮೊದಲ ಸಲ ಯೋಚಿಸಿದೆ.

ಹೆಸರುಗಳದ್ದು ಇನ್ನೊಂದು ಮಜಾ. ಬಾಲಿಯಲ್ಲಿ ಹೆಚ್ಚಿನ ಮನೆಗಳಲ್ಲಿ ಮೊದಲ ಮಗು ವಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಗಂಡಾಗಲಿ ಹೆಣ್ಣಾಗಲಿ ಅದೇ. ಬೀದಿಯಲ್ಲಿ ನಿಂತು ವಯಾನ್ ಅಂತ ಕೂಗಿದರೆ ಹತ್ತು ಜನ ತಿರುಗಬಹುದು. ಆದರೆ ಕೈಹೆಸರು ಹಾಗಲ್ಲ. ಗಾಯದ ಗುರುತು, ಗುಂಗುರು ಕೂದಲು, ಹೀಗೆ ಆಳು ನೋಡಿ ಇಡುವುದು. ನನ್ನ ಗುಳಿಯ ಸನ್ನೆ ತೋರಿಸಿದೆ. ತಾತನೂ ತನ್ನ ಕೆನ್ನೆಗೆ ಬೆರಳು ಒತ್ತಿ ನನ್ನ ಕಡೆ ತೋರಿಸಿದ. ಆ ಹೆಸರಿನಿಂದ ಮನೆಯವರು ಬಿಟ್ಟು ಬೇರೆಯವರು ನನ್ನನ್ನು ಕರೆದದ್ದು ಇದೇ ಮೊದಲು.

ಈ ಊರಲ್ಲೇ ಯಾಕೆ ಹೀಗೆ? ಊರಿನವರಲ್ಲಿ ಕಿವಿ ಕೇಳದ ದೇವರ ನಂಬಿಕೆ ಇದೆ, ಸ್ಮಶಾನದಲ್ಲಿ ಕಿವಿ ಕೇಳದ ದೆವ್ವಗಳಿವೆ ಅನ್ನುವುದೂ ಇದೆ. ವಿಜ್ಞಾನಿಗಳು ಬಂದು ರಕ್ತ ಪರೀಕ್ಷೆ ಮಾಡಿ 1995ರಲ್ಲಿ ಇದಕ್ಕೆ ಕಾರಣವಾದ ದೋಷ ಮೈಯ ಯಾವ ವರ್ಣತಂತುವಿನಲ್ಲಿದೆ ಅಂತ ಗುರುತಿಸಿದರು. ಆಗ ಊರಲ್ಲಿ 2,185 ಜನ, ಕಿವಿ ಕೇಳದವರು 47. ಮೂರು ವರ್ಷ ಬಿಟ್ಟು ಜೀನ್ ಕೂಡ ಸಿಕ್ಕಿತು. ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಆ ದೋಷ ಬಂದರೆ ಮಾತ್ರ ಮಗುವಿಗೆ ಕಿವಿ ಕೇಳುವುದಿಲ್ಲ. ಒಂದೇ ಕಡೆಯಿಂದ ಬಂದರೆ ಏನೂ ಆಗುವುದಿಲ್ಲ, ಒಳಗೇ ಇರುತ್ತದೆ. ಕೇಳುವವರಲ್ಲೂ ನೂರಕ್ಕೆ ಸುಮಾರು 17 ಜನರಲ್ಲಿ ಅದು ಹೀಗೆ ಅಡಗಿದೆ ಅಂತ ಲೆಕ್ಕ ಹಾಕಿದ್ದರು. ಕನಿಷ್ಠ ಐದು ತಲೆಮಾರಿನಿಂದ ಊರೊಳಗೇ ಕೊಟ್ಟು ತಂದು ಮಾಡಿದ್ದಾರೆ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಅಜ್ಜ ಅಜ್ಜಿ. ಅಜ್ಜಿ ಅಜ್ಜನ ಸೋದರತ್ತೆಯ ಮಗಳು. ಅತ್ತೆಯದ್ದಕ್ಕೂ ಕಾರಣ ಅದೇನಾ ಅಂತ ಯಾರೂ ಪರೀಕ್ಷೆ ಮಾಡಿಸಿಲ್ಲ. ನಮ್ಮೂರಲ್ಲಿ ಅದಕ್ಕೆ ಗ್ರಹಣ ಕಾರಣ.

ಇಷ್ಟೆಲ್ಲ ಓದಿ ಬೆಂಗ್ಕಾಲಾ ಸ್ವರ್ಗ ಅಂದುಕೊಳ್ಳಬೇಡಿ. ನಾನೂ ಹಾಗೆ ಅಂದುಕೊಂಡೇ ಬಂದಿದ್ದೆ. ಕೊಲೊಕ್ ಜನ ಹೆಚ್ಚಿನವರು ಕೂಲಿ ಮಾಡಿ ಬದುಕುವವರು. ಊರಿನ ಕಾವಲು, ನೀರಿನ ಪೈಪ್ ರಿಪೇರಿ, ಹೆಣಕ್ಕೆ ಗುಂಡಿ ತೋಡುವುದು ಅವರ ಪಾಲಿಗೆ ಬಂದ ಕೆಲಸಗಳು. ತಾತ ಶಾಲೆಯ ಮುಖ ನೋಡಿಲ್ಲ. ಕೊಲೊಕ್ ಮಕ್ಕಳನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸಿಕೊಂಡದ್ದೇ 2007ರಲ್ಲಿ. ಅದು ಒಳ್ಳೇದೇ. ಆದರೆ ಮುಂದೆ ಓದಲು ಹೊರಗಿನ ಹಾಸ್ಟೆಲ್ ಸೇರಿದ ಹುಡುಗರು ಅಲ್ಲಿನ ಬೇರೆ ಸನ್ನೆ ಕಲಿಯುತ್ತಾರೆ, ಹೊರಗಿನವರನ್ನೇ ಮದುವೆಯಾಗುತ್ತಾರೆ. ಹೊರಗಿನ ಸಂಬಂಧ ಹೆಚ್ಚಿದಷ್ಟೂ ಕಿವಿ ಕೇಳದ ಮಕ್ಕಳು ಹುಟ್ಟುವುದು ಕಡಿಮೆ. ಕಾಟಾ ಕೊಲೊಕ್ ಎಷ್ಟು ದಿನ ಉಳಿಯುತ್ತದೆ ಅನ್ನುವ ಚಿಂತೆ ಸಂಶೋಧಕರಿಗೆ. ಪಕ್ಕದ ಮನೆ ಹುಡುಗನಿಗೆ ಆ ಚಿಂತೆ ಇದ್ದಂತೆ ಕಾಣಲಿಲ್ಲ. ಅವನಿಗೆ ಕ್ರೂಸ್ ಹಡಗಿನಲ್ಲಿ ಕೆಲಸ ಬೇಕು.

ನನ್ನಂಥ ನೋಡುಗರೂ ಬರುತ್ತಾರೆ. 1960ರ ದಶಕದ ಕೊನೆಯಲ್ಲಿ ಶುರುವಾದ ಜಂಗೆರ್ ಕೊಲೊಕ್ ಅನ್ನುವ ಕುಣಿತ ಇದೆ. ಕುಣಿಯುವವರಿಗೆ ಸಂಗೀತ ಕೇಳಿಸುವುದಿಲ್ಲ, ಡೋಲಿನವನ ಕೈ ನೋಡಿಕೊಂಡು ಹೆಜ್ಜೆ ಹಾಕುತ್ತಾರೆ. ಇವತ್ತು ಇರಲಿಲ್ಲ. ಇದ್ದಿದ್ದರೆ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಸಂಜೆ ನಾಲ್ಕೂವರೆ ಹೊತ್ತಿಗೆ ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಎರಡು ಗಂಟೆ. ಫೋನ್ ಎತ್ತಿದ ನನ್ನ ತಮ್ಮ ಅದನ್ನು ಅತ್ತೆ ಕೈಗೆ ಕೊಟ್ಟ. ಮೊದಲು ಮನೆಯ ಜಂತೆ ಕಾಣಿಸಿತು, ಆಮೇಲೆ ಅರ್ಧ ಹಣೆ, ಆಮೇಲೆ ಅತ್ತೆ. ನಾನು ಫೋನ್ ತಾತನ ಕಡೆ ತಿರುಗಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನೋಡಿಕೊಂಡರು. ಆಮೇಲೆ ಅತ್ತೆ, ನಮ್ಮ ಕಡೆಯವರು ಎಲ್ಲರಿಗೂ ಮೊದಲು ಕೇಳುವುದನ್ನೇ ಕೇಳಿದಳು. ಬೆರಳು ಜೋಡಿಸಿ ಬಾಯಿಗೆ ತಂದು, ಹುಬ್ಬು ಎತ್ತಿ: ಊಟ ಆಯ್ತಾ?

ತಾತ ತುಟಿ ಒತ್ತಿ ಬಿಟ್ಟು "ಪಾ" ಎಂಬಂತೆ ಮಾಡಿದ. ಮುಗಿಯಿತು, ಆಯ್ತು ಅನ್ನುವುದಕ್ಕೆ ಇಲ್ಲಿ ಹಾಗೆ ಮಾಡುತ್ತಾರೆ. ಅತ್ತೆಗೆ ಗೊತ್ತಾಗಲಿಲ್ಲ. ಹಸಿದಿದ್ದಾನೆ ಅಂದುಕೊಂಡಳೋ ಏನೋ, ತಟ್ಟೆ ತೋರಿಸಿ ತಿನ್ನು ತಿನ್ನು ಅಂತ ಒತ್ತಾಯ ಶುರು ಮಾಡಿದಳು. ತಾತ ಹೊಟ್ಟೆ ಸವರಿ ತೋರಿಸಿದ ಮೇಲೆ ಬಿಟ್ಟಳು.

ಈಗ ತಾತನ ಸರದಿ. ಪಶ್ಚಿಮಕ್ಕೆ ವಾಲಿದ ಸೂರ್ಯನನ್ನು ತೋರಿಸಿ, ಫೋನಿನ ಕಡೆ ತೋರಿಸಿ, ಕೈ ಮಗುಚಿದ. ಅಲ್ಲಿ ಎಲ್ಲಿದ್ದಾನೆ? ತಮ್ಮ ಫೋನ್ ಅಂಗಳಕ್ಕೆ ಒಯ್ದು ಮೇಲೆತ್ತಿದ. ತೆಂಗಿನ ಮರದ ನೆರಳು ಇನ್ನೂ ಬುಡ ಬಿಟ್ಟು ಹೆಚ್ಚು ದೂರ ಹೋಗಿರಲಿಲ್ಲ. ತಾತ ಅದನ್ನು ನೋಡಿದ, ತನ್ನ ಅಂಗಳದ ಉದ್ದ ನೆರಳು ನೋಡಿದ, ಮತ್ತೆ ಫೋನ್ ನೋಡಿದ. ಹುಡುಗನನ್ನು ಕರೆದು ತೋರಿಸಿದ. ಹಿತ್ತಿಲಿನಿಂದ ಹೆಂಡತಿಯನ್ನೂ ಕರೆದ.

ಅತ್ತೆಗೆ ಸೂರ್ಯನ ವಿಷಯ ಬೇಜಾರಾಯಿತು. ಅವಳ ಕಣ್ಣು ತಾತನ ಹಿಂದೆ ಕಟ್ಟಿದ್ದ ಹಸುವಿನ ಮೇಲೆ. ಹತ್ತಿರ ತೋರಿಸು ಅಂದಳು. ಬಾಲಿಯ ಹಸು ಕಂದು ಬಣ್ಣ, ಮೊಣಕಾಲಿಂದ ಕೆಳಗೆ ಬಿಳಿ. ಅತ್ತೆ ಬಗ್ಗಿ ತನ್ನ ಕಾಲಿಗೆ ಏನೋ ಎಳೆದು ಹಾಕಿಕೊಂಡಂತೆ ಮಾಡಿ, ಹಸುವನ್ನು ತೋರಿಸಿ, ಯಾಕೆ ಅಂತ ಕೈ ಅಲ್ಲಾಡಿಸಿದಳು.

ನಾನು ಹೇಳಬೇಕಾಗಿ ಬರಲಿಲ್ಲ. ತಾತನಿಗೆ ಆಗಲೇ ನಗು ಬಂದಿತ್ತು. ಅವನೂ ಬಗ್ಗಿ ಕಾಲುಚೀಲ ಎಳೆದುಕೊಂಡು, ತನ್ನ ಹೆಂಡತಿಗೆ ಅದನ್ನೇ ಮಾಡಿ ತೋರಿಸುತ್ತಿದ್ದ.