ಯಾವ ಜಾರ್ಜ್ ಸೀಟನ್?

ಮದಕರಿ ನಾಯಕ ಎಂದರೆ ದುರ್ಗದವರು ಯಾವ ಮದಕರಿ ಎಂದು ಕೇಳುತ್ತಾರೆ. ಆ ಹೆಸರಿನವರು ಹಲವರು. 1779ರಲ್ಲಿ ಹೈದರಾಲಿಗೆ ಕೋಟೆ ಕಳೆದುಕೊಂಡವರು ಕೊನೆಯವರು. ಸ್ಕಾಟ್ಲೆಂಡಿನ ಸೀಟನ್ ಮನೆತನಕ್ಕೂ ಇದೇ ಪ್ರಶ್ನೆ ಹಾಕಬೇಕು. ಅಲ್ಲಿ ಅಜ್ಜ, ಅಪ್ಪ, ಮಗ ಮೂವರೂ ಜಾರ್ಜ್. ಅಜ್ಜ 1513ರಲ್ಲಿ ಫ್ಲಾಡನ್ ಯುದ್ಧದಲ್ಲಿ ಮಡಿದ, ಅಪ್ಪ 1549ರಲ್ಲಿ ತೀರಿಕೊಂಡ. ಸ್ಕಾಟ್ಲೆಂಡಿನ ರಾಣಿ ಮೇರಿಗೆ ಕೊನೆಯವರೆಗೂ ನಿಷ್ಠನಾಗಿದ್ದವನು ಮೂರನೆಯವನು. ಇವನನ್ನೇ ಕೆಲವು ಪುಸ್ತಕಗಳು ಐದನೇ ಲಾರ್ಡ್ ಎಂದರೆ, ಕೆಲವು ಏಳನೆಯವನು ಎನ್ನುತ್ತವೆ. ಆ ಅಂಕಿ ನೋಡಿ ಗುರುತಿಸಲು ಹೋಗಬೇಡಿ, ಹೆಂಡತಿಯ ಹೆಸರು ನೋಡಿ: ಇಸಬೆಲ್ ಹ್ಯಾಮಿಲ್ಟನ್. ಅಲ್ಲಿ ಮದುವೆಯಾದ ಮೇಲೂ ಹೆಣ್ಣಿಗೆ ತವರಿನ ಹೆಸರೇ ಉಳಿಯುತ್ತಿತ್ತು, ಆದ್ದರಿಂದ ಬೀಗತನ ಬೇಗ ಸಿಕ್ಕುತ್ತದೆ.

ಇನ್ನೊಂದು ತೊಡಕು ವರ್ಷದ್ದು. ನಮ್ಮಲ್ಲಿ ಯುಗಾದಿಗೆ ಸಂವತ್ಸರ ಬದಲಾಗುವಂತೆ, 1600ಕ್ಕೆ ಮೊದಲು ಸ್ಕಾಟ್ಲೆಂಡಿನಲ್ಲಿ ಮಾರ್ಚ್ 25ಕ್ಕೆ ವರ್ಷ ಬದಲಾಗುತ್ತಿತ್ತು. ಸೀಟನ್ ತೀರಿಕೊಂಡ 1586ರ ಜನವರಿ ಅಂದಿನ ಕಾಗದಗಳಲ್ಲಿ 1585. ರಾಣಿಯ ಆಪ್ತ ಕಾರ್ಯದರ್ಶಿ ರಿಝಿಯೊನ ಕೊಲೆ 1566ರ ಮಾರ್ಚ್ 9ರಂದು, ಅದೂ ಹಳೆಯ ಲೆಕ್ಕದಲ್ಲಿ 1565. ಇದನ್ನು ಮರೆತವರು ಜನವರಿಯಿಂದ ಮಾರ್ಚ್ 24ರವರೆಗಿನ ಘಟನೆಗಳ ಇಸವಿಗಳನ್ನು ಒಂದು ವರ್ಷ ಹಿಂದಕ್ಕೆ ಹಾಕುತ್ತಾರೆ.

ಆ ಕೊಲೆಯಾದಾಗ ರಾಣಿ ಸುಮಾರು ಆರು ತಿಂಗಳ ಬಸುರಿ. ಹೋಲಿರೂಡ್ ಅರಮನೆಯಿಂದ ನಡುರಾತ್ರಿ ತಪ್ಪಿಸಿಕೊಂಡು ಹೊರಟವಳಿಗೆ ದಾರಿಯ ಮೊದಲ ಆಸರೆ ಸೀಟನ್ ಮನೆಯೇ. ಎರಡು ವರ್ಷದ ಮೇಲೆ ಇನ್ನೂ ಕಠಿಣ ಪರೀಕ್ಷೆ ಬಂತು. ರಾಣಿಯನ್ನು ಸೆರೆಯಲ್ಲಿಟ್ಟಿದ್ದ ಲಾಕ್‌ಲೆವನ್ ಕೋಟೆ ಕೆರೆಯ ನಡುವೆ ದ್ವೀಪದಲ್ಲಿತ್ತು. 1568ರ ಮೇ 2ರ ಸಂಜೆ ವಿಲ್ಲಿ ಡಗ್ಲಸ್ ಎಂಬ ಹುಡುಗ ಬೀಗದ ಕೈ ಎಗರಿಸಿ, ಆಳಿನ ಬಟ್ಟೆ ತೊಟ್ಟ ರಾಣಿಯನ್ನು ಹೊರಗೆ ತಂದು, ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಬೀಗದ ಕೈಗಳನ್ನು ನೀರಿಗೆ ಎಸೆದ. ಅಲ್ಲಿಂದ ಅವಳನ್ನು ಕುದುರೆಗಳ ಮೇಲೆ ಕರೆದೊಯ್ದವರಲ್ಲಿ ಸೀಟನ್ ಮುಂದಿದ್ದ. ಫೋರ್ತ್ ನದೀಮುಖ ದಾಟಿ ತನ್ನ ನಿಡ್ರಿ ಕೋಟೆಗೆ ಸೇರಿಸಿದ. ಹನ್ನೊಂದೇ ದಿನದಲ್ಲಿ, ಮೇ 13ರಂದು, ಲ್ಯಾಂಗ್‌ಸೈಡ್ ಯುದ್ಧದಲ್ಲಿ ಅವಳ ಕಡೆಯವರು ಸೋತರು, ಸೀಟನ್ ಸೆರೆಸಿಕ್ಕ. ಬಿಡುಗಡೆಯಾದ ಮೇಲೂ ಸುಮ್ಮನಿರದೆ, 1570ರಲ್ಲಿ ಫ್ಲಾಂಡರ್ಸಿಗೆ ಹೋಗಿ ಅವಳಿಗಾಗಿ ನೆರವು ಕೇಳಿದ.

ಮಕ್ಕಳು ತಂದೆಯಂತೆ ಸೋಲಲಿಲ್ಲ. ರಾಬರ್ಟ್ 1600ರಲ್ಲಿ ವಿಂಟನ್ ಅರ್ಲ್ (ಲಾರ್ಡ್‌ಗಿಂತ ಮೇಲಿನ ಪದವಿ) ಆದ. ಅಲೆಕ್ಸಾಂಡರ್ ದೇಶದ ಚಾನ್ಸಲರ್ ಆಗಿ, 1605ರಲ್ಲಿ ಡನ್‌ಫರ್ಮ್ಲಿನ್ ಅರ್ಲ್ ಪದವಿ ಪಡೆದ. ಮಗಳು ಮಾರ್ಗರೆಟ್ ಸೇರಿದ್ದು ತಾಯಿಯ ಕುಲದ ಕ್ಲಾಡ್ ಹ್ಯಾಮಿಲ್ಟನ್ ಮನೆಗೆ.

ವಂಶಾವಳಿಯಲ್ಲಿ ಹೆಚ್ಚಾಗಿ ಕೈಬಿಟ್ಟುಹೋಗುವವಳು ಸೀಟನ್‌ನ ಮಲತಂಗಿ ಮೇರಿ ಸೀಟನ್. ಇವಳ ತಾಯಿ ಫ್ರಾನ್ಸಿನವಳು. ರಾಣಿಗಿದ್ದ ಮೇರಿ ಹೆಸರಿನ ನಾಲ್ವರು ಸಖಿಯರಲ್ಲಿ ಮದುವೆಯಾಗದೆ ಉಳಿದವಳು ಇವಳೊಬ್ಬಳೇ; ಲ್ಯಾಂಗ್‌ಸೈಡ್ ಸೋಲಿನ ಮೇಲೆ ಇಂಗ್ಲೆಂಡಿಗೆ ಓಡಿದ ರಾಣಿ ಅಲ್ಲಿ ಸೆರೆಯಾದಾಗಲೂ ಜೊತೆಗಿದ್ದಳು. ತಲೆ ಬಾಚುವುದರಲ್ಲಿ ಇವಳಷ್ಟು ನಿಪುಣೆ ಸಿಗುವುದಿಲ್ಲವೆಂದು ರಾಣಿಯೇ ಹೇಳಿದ್ದನ್ನು ಕಾವಲಿಗಿದ್ದ ನೋಲಿಸ್ 1568ರಲ್ಲಿ ಬರೆದಿದ್ದಾನೆ. ಆರೋಗ್ಯ ಕೆಟ್ಟ ಮೇಲೆ, 1583ರ ಸುಮಾರಿಗೆ, ಮೇರಿ ಸೀಟನ್ ಫ್ರಾನ್ಸಿನ ರೀಮ್ಸ್ ನಗರದ ಸೇಂಟ್ ಪಿಯೆರ್ ಮಠ ಸೇರಿದಳು. ಅಲ್ಲಿನ ಮುಖ್ಯಸ್ಥೆ ರಾಣಿಯ ತಾಯಿಯ ತಂಗಿ, ರೆನೆ ದ ಗೀಜ್.