ಹಳೆಯ ಪೈಥಾನ್‌ಗೆ ಬೆಂಬಲ ನಿಲ್ಲಿಸುವಾಗ ಕೈಕೊಡುವುದು ಹಿಂದಿನ ರಿಲೀಸ್

ಪೈಥಾನ್ 3.9ರ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿಯಿತು. ಒಂದೊಂದು ಆವೃತ್ತಿಗೆ ಸುಮಾರು ಐದು ವರ್ಷ ಆಯಸ್ಸು, ಹೊಸದು ಪ್ರತಿ ಅಕ್ಟೋಬರ್‌ಗೆ. ಹಾಗಾಗಿ ಪೈಥಾನ್ ಪ್ಯಾಕೇಜ್ (ಬೇರೆಯವರು ಇನ್‌ಸ್ಟಾಲ್ ಮಾಡಿಕೊಂಡು ಬಳಸುವ ಕೋಡ್) ನೋಡಿಕೊಳ್ಳುವವರಿಗೆ ಹಳೆಯ ಆವೃತ್ತಿಯನ್ನು ಕೈಬಿಡುವುದು ವರ್ಷವರ್ಷದ ಕೆಲಸ. ಆದರೂ ಯಾವ ಪೈಥಾನ್‌ಗೆ ಬೆಂಬಲವಿದೆ ಎಂದು ಬರೀ ಮಾಹಿತಿಗೆ ಹೇಳುವ ಕ್ಲಾಸಿಫೈಯರ್ ಸಾಲೊಂದನ್ನು ಅಳಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಇನ್‌ಸ್ಟಾಲ್ ಮಾಡುವಾಗ, ಆ ಕೆಲಸದ ಸಾಧನವಾದ ಪಿಪ್ ಕ್ಲಾಸಿಫೈಯರ್‌ಗಳ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಬೇಕಿರುವುದು ಪ್ಯಾಕೇಜಿನ ಸೆಟ್ಟಿಂಗ್‌ಗಳಿರುವ ಪೈಪ್ರಾಜೆಕ್ಟ್ ಟಾಮಲ್ (pyproject.toml) ಫೈಲಿನ ರಿಕ್ವೈರ್ಸ್-ಪೈಥಾನ್ ಸಾಲು, ಅಂದರೆ ಯಾವ ಪೈಥಾನ್ ಬೇಕು ಎಂಬ ಮಿತಿ.

ಪ್ಯಾಕೇಜ್‌ಗಳನ್ನು ಏರಿಸಿಡುವ ಸಾರ್ವಜನಿಕ ಭಂಡಾರ ಪೈಪಿಐ (PyPI) ಪ್ರತಿ ಫೈಲಿನ ಜೊತೆ ಆ ಸಾಲನ್ನೂ ಕೊಡುತ್ತದೆ. ತನ್ನ ಪೈಥಾನ್‌ಗೆ ಹೊಂದದ ಫೈಲುಗಳನ್ನು ಪಿಪ್ ಬದಿಗಿಟ್ಟು, ಉಳಿದವುಗಳಲ್ಲಿ ಹೊಸದನ್ನು ಎತ್ತಿಕೊಳ್ಳುತ್ತದೆ. ತೊಡಕಿರುವುದು ಈ 'ಉಳಿದವು'ಗಳಲ್ಲೇ. ನಿಮ್ಮ ಪ್ಯಾಕೇಜಿನ 4.0ರಲ್ಲಿ ಮ್ಯಾಚ್ ಸ್ಟೇಟ್‌ಮೆಂಟ್ ಬಳಸಿದ್ದೀರಿ, ಅದು ಪೈಥಾನ್ 3.10ಕ್ಕಿಂತ ಹಿಂದೆ ಇಲ್ಲ; ಆದರೆ ಸಾಲಿನಲ್ಲಿ ಇನ್ನೂ '>=3.8' ಕೂತಿದೆ ಅಂತಿಟ್ಟುಕೊಳ್ಳಿ. ಪೈಥಾನ್ 3.9 ಇರುವವರಿಗೆ ಇನ್‌ಸ್ಟಾಲ್ ಸಲೀಸು, ಇಂಪೋರ್ಟ್‌ಗೆ ಸಿಂಟ್ಯಾಕ್ಸ್ ಎರರ್. ಸಾಲು ಸರಿಪಡಿಸಿ 4.0.1 ಬಿಟ್ಟರೂ ಅವರ ಪಾಡು ಬದಲಾಗದು: ಪಿಪ್ 4.0.1 ಬಿಟ್ಟು ಮತ್ತೆ ಅದೇ 4.0ಕ್ಕೆ ಇಳಿಯುತ್ತದೆ. ಒಮ್ಮೆ ಏರಿಸಿದ ಫೈಲನ್ನು ಅದೇ ಹೆಸರಿನಲ್ಲಿ ಬದಲಿಸಲು ಪೈಪಿಐ ಬಿಡುವುದಿಲ್ಲ. ಇರುವ ದಾರಿ, 4.0 ಅನ್ನು ಯಾಂಕ್ ಮಾಡುವುದು, ಅಂದರೆ ಅಳಿಸದೆ ಆಯ್ಕೆಯಿಂದ ಹಿಂದೆಗೆಯುವುದು. ಆಗ '==4.0' ಎಂದು ಪಿನ್ ಮಾಡಿದವರಿಗೆ (ಇದೇ ಆವೃತ್ತಿ ಬೇಕೆಂದು ಬರೆದಿಟ್ಟವರಿಗೆ) ಮಾತ್ರ ಅದು ಸಿಗುತ್ತದೆ, 3.9ರಲ್ಲಿರುವ ಮಿಕ್ಕವರು ಪ್ಯಾಕೇಜಿನ ಹಿಂದಿನ 3.xಗೆ ಹೋಗುತ್ತಾರೆ. ಡಿಲೀಟ್ ಮಾತ್ರ ಬೇಡ. ಪಿನ್ ಮಾಡಿದವರ ಬಿಲ್ಡ್‌ಗಳು ಸುಮ್ಮಸುಮ್ಮನೆ ಮುರಿಯುತ್ತವೆ.

ಮೇಲ್ಮಿತಿ ಹಾಕುವ ಚಟವೂ ಇಲ್ಲೇ ಕಚ್ಚುತ್ತದೆ. '<3.14' ಎಂದು ಬರೆದರೆ ಪೈಥಾನ್ 3.14 ಬಳಸುವವರಿಗೆ ಎರರ್ ಬರುವ ಬದಲು, ಮಿತಿ ಹಾಕದ ಯಾವುದೋ ಓಬೀರಾಯನ ಕಾಲದ ರಿಲೀಸ್ ಸಿಗುತ್ತದೆ. ಕೆಳಮಿತಿ ಒಂದೇ ಸಾಕು.

ಕೆಲಸದ ಕ್ರಮವೂ ಮುಖ್ಯ. ಬಾಕಿ ಬಗ್ ಫಿಕ್ಸ್‌ಗಳನ್ನೆಲ್ಲ ಸೇರಿಸಿ ಹಳೆಯ ಪೈಥಾನ್‌ಗೆ ಕೊನೆಯ ರಿಲೀಸ್ ಮೊದಲು ಬಿಡಿ. ಅಲ್ಲೇ ಉಳಿಯುವವರು ನಿಲ್ಲುವುದು ಅದರ ಮೇಲೆ. ಆಮೇಲೆ ಕೆಳಮಿತಿ ಮತ್ತು ಸಿಐ ಮ್ಯಾಟ್ರಿಕ್ಸ್ (ತಾನಾಗಿ ಟೆಸ್ಟ್ ನಡೆಯುವ ಪೈಥಾನ್ ಆವೃತ್ತಿಗಳ ಪಟ್ಟಿ) ಒಂದು ಕಮಿಟ್, ಕೋಡ್ ಸ್ವಚ್ಛತೆ ಬೇರೆ ಕಮಿಟ್. ಬೇರೆ ಟಾರ್ಗೆಟ್ ಆವೃತ್ತಿ ಕೊಡದಿದ್ದರೆ ಕೋಡ್ ತಪಾಸಣೆಯ ಸಾಧನ ರಫ್ (Ruff) ಕೂಡ ಈ ರಿಕ್ವೈರ್ಸ್-ಪೈಥಾನ್ ಸಾಲನ್ನೇ ಓದುತ್ತದೆ. ಹಳೆಯ ಬರವಣಿಗೆಯನ್ನು ಹೊಸದಕ್ಕೆ ಬದಲಿಸುವ ಅದರ ಪೈಅಪ್‌ಗ್ರೇಡ್ ನಿಯಮಗಳು ಆನ್ ಇದ್ದರೆ ಒಂದು ಅಂಕಿ ಬದಲಿಸಿದ್ದಕ್ಕೆ ಹತ್ತಾರು ಫೈಲುಗಳ ಡಿಫ್ ಎದುರಿಗೆ ಬಂದು ನಿಲ್ಲುತ್ತದೆ. ರಿವ್ಯೂ ಮಾಡುವವರು ಅದರಲ್ಲಿ ಆ ಅಂಕಿಯನ್ನು ಎಲ್ಲಿಂದ ಹುಡುಕಬೇಕು?

ಪೈಪಿಐಗೆ ಏರಿಸುವ ಮುನ್ನ ವೀಲ್ ಫೈಲನ್ನು (ಇನ್‌ಸ್ಟಾಲ್‌ಗೆ ಸಿದ್ಧವಾದ ಪ್ಯಾಕೇಜ್) ಬಿಚ್ಚಿ ನೋಡಿ, ಅದು ಬರೀ ಜಿಪ್. ಒಳಗಿನ ಮೆಟಾಡೇಟಾ ಫೈಲಿನಲ್ಲಿ ಹೊಸ ಮಿತಿ ಇರಲೇಬೇಕು. ಏರಿಸಿದ ಮೇಲೆ ಪೈಥಾನ್ 3.9ರ ಖಾಲಿ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ (ಬೇರೆ ಪ್ಯಾಕೇಜ್‌ಗಳಿಲ್ಲದ ಪ್ರತ್ಯೇಕ ಜಾಗದಲ್ಲಿ) ಆವೃತ್ತಿ ನಮೂದಿಸದೆ ಇನ್‌ಸ್ಟಾಲ್ ಮಾಡಿ. ಬಂದದ್ದು ಆ ಕೊನೆಯ ರಿಲೀಸೇ ಆಗಿರಬೇಕು, ಇಂಪೋರ್ಟ್ ಕೂಡ ಆಗಬೇಕು.