ಮಳೆಗಾಲದ ವಾರ್ಡಿನಲ್ಲಿ ಕೂಸಿನ ಕಾಲಿನ ರೀಡಿಂಗ್

ಜುಲೈ ತಿಂಗಳ ಮಡಿಕೇರಿಯಲ್ಲಿ ಕೂಸಿನ ಪಾದ ಮುಟ್ಟಿ ನೋಡದೆ ರಕ್ತದ ಆಮ್ಲಜನಕ ಶೇಕಡಾ ಎಷ್ಟೆಂದು ತೋರಿಸುವ ಪಲ್ಸ್ ಆಕ್ಸಿಮೀಟರ್ ಹಚ್ಚಬಾರದು. ಹುಟ್ಟಿದ ಕೂಸಿನಲ್ಲಿ ಅಡಗಿರುವ ಹೃದ್ರೋಗ ಹಿಡಿಯಲು ಬಲಗೈ, ಕಾಲು ಎರಡರಲ್ಲೂ ಇದನ್ನು ನೋಡುತ್ತಾರೆ. ಪಾದ ತಣ್ಣಗಿದ್ದರೆ ಯಂತ್ರಕ್ಕೆ ನಾಡಿ ಸಿಗದೆ 88, 93, 90 ಎಂದು ಅಂಕಿ ಕುಣಿಯುತ್ತದೆ. ಆಗ ಕೈಯಲ್ಲಿ ಬಂದ 97ನ್ನೇ ಕಾಲಿನ ಕಾಲಮ್ಮಿಗೂ ಬರೆದುಬಿಡುವ ಚಾಳಿ ಇದೆಯಲ್ಲ, ಅಪಾಯ ಇರುವುದು ಅಲ್ಲೇ.

ಗರ್ಭದಲ್ಲಿ ಶ್ವಾಸಕೋಶದ ರಕ್ತನಾಳವನ್ನೂ ಮಹಾಪಧಮನಿಯನ್ನೂ ಜೋಡಿಸಿದ್ದ ಡಕ್ಟಸ್ ಎಂಬ ನಾಳ ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಕೆಲವು ಹೃದ್ರೋಗಗಳಲ್ಲಿ ಕಾಲಿಗೆ ರಕ್ತ ಹೋಗುವುದೇ ಅದರ ಮೂಲಕ, ಅದೂ ಆಮ್ಲಜನಕ ಕಡಿಮೆಯಿರುವ ರಕ್ತ. ಬಲಗೈಗೆ ಹೋಗುವ ರಕ್ತನಾಳ ಡಕ್ಟಸ್ ಸೇರುವ ಜಾಗಕ್ಕಿಂತ ಮೊದಲೇ ಕವಲೊಡೆದಿರುತ್ತದೆ. ಹಾಗಾಗಿ ಕೈ ಚೆನ್ನಾಗಿ ತೋರಿಸಿ ಕಾಲು ಕಡಿಮೆ ತೋರಿಸಬಹುದು. ಎಡಗೈ ಬೇಡ, ಬಲಗೈಯೇ ಆಗಬೇಕು.

ಹುಟ್ಟಿ 24 ಗಂಟೆ ಕಳೆದ ಮೇಲೆ, ಡಿಸ್ಚಾರ್ಜ್‌ಗೆ ಮೊದಲು ನೋಡಿ. ಅದಕ್ಕೂ ಮುಂಚೆ ನೋಡಿದರೆ ಸುಮ್ಮನೆ ಗಾಬರಿ ಹೆಚ್ಚು. ಕೂಸು ಅಳುತ್ತಿರಬಾರದು, ಆಕ್ಸಿಜನ್ ಹಾಕಿರಬಾರದು. ತಾಯಿಯ ಎದೆಗೆ ಅವುಚಿ, ಕಾಲುಚೀಲ ಹಾಕಿ ಪಾದ ಬೆಚ್ಚಗಾಗಲು ಬಿಡಿ. ದೊಡ್ಡವರ ಬೆರಳಿನ ಕ್ಲಿಪ್ ಉಪಯೋಗವಿಲ್ಲ, ಸುತ್ತುವ ಪ್ರೋಬ್ (ಸೆನ್ಸರ್ ಇರುವ ಪಟ್ಟಿ) ಬೇಕು. ಅದರ ಬೆಳಕಿನ ಬದಿಯೂ ಸೆನ್ಸರ್ ಬದಿಯೂ ನೇರ ಎದುರುಬದುರು ಇರಲಿ. ಕಾಮಾಲೆಯ ದೀಪದಡಿ ಇದ್ದರೆ ಪ್ರೋಬ್ ಮೇಲೆ ಬಟ್ಟೆ ಮುಚ್ಚಿ. ಪರದೆಯ ಅಲೆ ನೆಲೆನಿಂತ ಮೇಲಷ್ಟೇ ಬರೆಯಿರಿ.

ಎರಡೂ ಕಡೆ 95 ಅಥವಾ ಹೆಚ್ಚಿದ್ದು, ವ್ಯತ್ಯಾಸ 3ರೊಳಗಿದ್ದರೆ ಸರಿ. ಯಾವುದಾದರೂ 90ಕ್ಕಿಂತ ಕೆಳಗಿದ್ದರೆ ತಕ್ಷಣ ಡಾಕ್ಟರನ್ನು ಕರೆಯಿರಿ. ನಡುವಿನದಾದರೆ, ಇಲ್ಲವೇ ವ್ಯತ್ಯಾಸ 3ನ್ನು ಮೀರಿದರೆ, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಹಾಗೇ ಬಂದರೆ ಮಕ್ಕಳ ವೈದ್ಯರ ಪರೀಕ್ಷೆ, ಎಕೋ (ಹೃದಯದ ಸ್ಕ್ಯಾನ್). ಹೃದ್ರೋಗದ ಬದಲು ಸೋಂಕು, ನ್ಯುಮೋನಿಯಾ ಸಿಕ್ಕಿದರೂ ಶ್ರಮ ವ್ಯರ್ಥವಲ್ಲ. 'ಬೆಟ್ಟದ ಊರು, ಸ್ವಲ್ಪ ಕಡಿಮೆ ಇರುತ್ತೆ' ಎಂಬ ಸಮಾಧಾನ ಬೇಡ. ಮಡಿಕೇರಿಯ ಸುಮಾರು 1,150 ಮೀಟರ್ ಎತ್ತರ ಅಷ್ಟು ಇಳಿಸುವುದಿಲ್ಲ.

ಪಾಸಾದ ಕೂಸಿನಲ್ಲೂ ಮಹಾಪಧಮನಿ ಕಿರಿದಾಗಿರುವುದು ತಪ್ಪಿಹೋಗಬಹುದು. ಅದಕ್ಕೇ ತೊಡೆಸಂದಿನ ನಾಡಿಯನ್ನು ಬೆರಳಿಟ್ಟು ನೋಡಬೇಕು. ಹೃದಯದ ಗೋಡೆಯ ರಂಧ್ರ ಈ ಪರೀಕ್ಷೆಗೆ ಸಾಮಾನ್ಯವಾಗಿ ಸಿಗದು. 3ನೇ, 7ನೇ ದಿನ ತೋಟದ ಕಾರ್ಮಿಕರ ಲೈನ್‌ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಹಾಲು ಕುಡಿಯುವಾಗ ಹಣೆ ಬೆವರುವುದು, ನಾಲ್ಕು ಗುಟುಕಿಗೆ ದಣಿಯುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ನಾಲಿಗೆ ನೀಲಿಯಾಗುವುದನ್ನು ಗಮನಿಸಲಿ. ಕೈಕಾಲು ಮಾತ್ರ ನೀಲಿಯಾದರೆ ಬಹುಪಾಲು ಚಳಿ.

ಹೃದ್ರೋಗದ ಕೂಸನ್ನು ಕಳಿಸಬೇಕಾದರೆ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಡಕ್ಟಸ್ ತೆರೆದಿಡುವ ಪ್ರೊಸ್ಟಾಗ್ಲಾಂಡಿನ್ ಡ್ರಿಪ್ ಬೇಕೇ ಎಂದು ಹೊರಡುವ ಮೊದಲೇ ಅಲ್ಲಿಯ ತಜ್ಞರನ್ನು ಫೋನಿನಲ್ಲಿ ಕೇಳಿ. ಆ ಔಷಧಿಯಿಂದ ಉಸಿರು ನಿಲ್ಲಬಹುದು, ಆದ್ದರಿಂದ ಆಂಬುಲೆನ್ಸಿನಲ್ಲಿ ಬ್ಯಾಗ್-ಮಾಸ್ಕ್ (ಕೈಯಿಂದ ಒತ್ತಿ ಉಸಿರು ಕೊಡುವ ಸಾಧನ) ಹಿಡಿಯಬಲ್ಲವರೇ ಕೂಸಿನ ಪಕ್ಕ ಕೂರಬೇಕು.